ತುಂಬ ಶಾಂತವಾದ ಸಿನಿಮಾ

ಡೊಂಬಿವಲಿಯಿಂದ ಏಳು ಹದಿನೆಂಟರ ಸ್ಲೋ ಗಾಡಿ.
ಹೆಂಗಸರ ಡಬ್ಬಿಯ ಮೂರನೇ ಕಿಟಕಿಯ ಹತ್ತಿರ
ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು, ಅರ್ಧ ನಿಂತು
ಜಲಜಾಕ್ಷಿ ಕೋಟ್ಯಾನ್ ತೀರ್ಪು ಕೊಡುತ್ತಾಳೆ:
"ಮೊದಲ ಇಪ್ಪತ್ತು ನಿಮಿಷ ತಡೆದುಕೊ.
ಆಮೇಲೆ ಎದ್ದು ಹೋಗ್ತೇನೆ ಅಂದ್ರೂ
ಕಾಲು ಬರೋದಿಲ್ಲ."

ಸುಲಭಾ ಕಾರ್ಖಾನೀಸ್ ಬಟಾಣಿ ಸುಲಿಯುತ್ತ, ತಲೆ ಎತ್ತದೆ:
"ಹೋದ ವಾರವೂ ಹೀಗೇ ಹೇಳಿದ್ದೆ.
ಇಪ್ಪತ್ತು ಕಳೆಯಿತು, ನಲವತ್ತು ಕಳೆಯಿತು,
ಆ ಮುದುಕ ಇನ್ನೂ ಬೂಟಿನ ಲೇಸು ಕಟ್ಟುತ್ತಲೇ ಇದ್ದ.
ನಮ್ಮವರು ಎರಡು ಸಲ ಗೊರಕೆ ಹೊಡೆದು ಎದ್ದು
'ಹೊರಟನಾ?' ಅಂತ ಕೇಳಿದರು."

ಡಬ್ಬಿಗೆ ಡಬ್ಬಿಯೇ ನಕ್ಕಿತು.
ದಿವಾದಲ್ಲಿ ಹತ್ತಿದವಳೊಬ್ಬಳು
ಯಾಕೆಂದು ತಿಳಿಯದೆಯೇ ನಕ್ಕಳು.

ನಫೀಸಾಗೆ ಕೊಲೆ ಬೇಕು.
ಕೊಲೆಯಿಲ್ಲದ ಚಿತ್ರ ಅವಳಿಗೆ ಒಗ್ಗರಣೆ ಬೀಳದ ಸಾರು.
ಮಾಡಿದ್ದು ಯಾರೆಂದು ಠಾಣೆ ಬರುವ ಮೊದಲೇ ಹೇಳಿಬಿಡುತ್ತಾಳೆ,
ಬಾಯಿ ಮುಚ್ಚಲು ಹೋದರೆ
ನಮ್ಮ ಬೆರಳ ಸಂದಿಯಿಂದಲೇ: "ಮೈದುನ."

ನಾನು ಎಲ್ಲರ ಮಾತನ್ನೂ ದಿನಸಿ ಬಿಲ್ಲಿನ ಹಿಂದೆ ಬರೆದುಕೊಂಡು
ಭಾನುವಾರ ರಾತ್ರಿ ಒಂದೊಂದನ್ನೇ ತೆಗೆಯುವವಳು.

ಜಲಜಾಕ್ಷಿಯ ವಿಮರ್ಶೆಯ ರೀತಿಯೇ ಬೇರೆ.
ಕಥೆ ಕೇಳಿದರೆ ತಡವರಿಸುತ್ತಾಳೆ.
"ಆ ಸೊಸೆ ತಟ್ಟೆ ಇಡೋದು ನೋಡು,
ಗಂಡನಿಗೆ ಒಂದು ಕೈ, ಮಾವನಿಗೆ ಎರಡು."
"ಪೊಲೀಸನ ಟೋಪಿ ಒಂದು ಸೈಜು ದೊಡ್ಡದು,
ಪಾಪ, ಯಾರದೋ ಹಳೇದು ಕೊಟ್ಟಿದ್ದಾರೆ."
"ಕೊನೆಗೆ ಪರದೆಯ ಬಣ್ಣ ಬದಲಾಯ್ತಲ್ಲ, ಗಮನಿಸಲಿಲ್ಲವಾ?"
ನಾನು ಗಮನಿಸಿರಲಿಲ್ಲ.

ಆ ಶನಿವಾರ ಅವಳು ಹೇಳಿದ್ದು ಒಂದು ದ್ವೀಪದ ಚಿತ್ರ.
"ತುಂಬ ಶಾಂತವಾದ ಸಿನಿಮಾ ಮಾರಾಯ್ತಿ.
ದೀಪ ಆರಿಸಿ ನೋಡು.
ಬರೀ ಸಮುದ್ರ, ಒಬ್ಬಳು ಹೆಂಗಸು, ಅವಳ ಮೇಕೆ."

ಆರಿಸಿದೆ. ಹಾಕಿದೆ.
ಎಲ್ಲಿಯ ಶಾಂತಿ!
ಹೆಸರುಗಳು ಮುಗಿಯುವ ಮೊದಲೇ ಆ ಹೆಂಗಸು ಕಿರುಚತೊಡಗಿದಳು
ಸಮುದ್ರಕ್ಕೆ, ಮೇಕೆಗೆ, ಸತ್ತ ಗಂಡನಿಗೆ;
ಹಿಂದೆ ತಮಟೆ, ತಗಡು, ನೂರು ಪಿಟೀಲು;
ಕೆಳಗಿನ ಮನೆಯ ಪಾಟಣಕರ್ ಕಾಕಾ
ಕೋಲಿನಿಂದ ಸೂರು ಕುಟ್ಟಿದರು.

ಸೋಮವಾರ ಜಗಳಕ್ಕೆಂದೇ ಹತ್ತಿದೆ.
ಬಾಯಿ ತೆರೆದವಳು ಹಾಗೇ ನಿಂತೆ.
ಎರಡು ವರ್ಷದಲ್ಲಿ ಇವಳು
ಒಂದು ಹಾಡು ಚೆನ್ನಾಗಿದೆ ಅಂದದ್ದಿಲ್ಲ.
ಒಂದು ಡೈಲಾಗ್ ಆಡಿ ತೋರಿಸಿದ್ದಿಲ್ಲ.
ಯಾವ ನಟನ ದನಿಯನ್ನೂ, ಊಹೂಂ, ಯಾವತ್ತೂ.

ಒಂದು ಕೋಣೆ, ಒಂದು ಅಡುಗೆಮನೆ.
ಟೀವಿಯ ಎದುರಿಗೇ ಅತ್ತೆಯ ಮಂಚ.
ಅತ್ತೆಯ ನಿದ್ದೆಯೆಂದರೆ ಹಾಲಿನ ಕೆನೆ,
ಉಸಿರು ತಾಗಿದರೂ ಸುಕ್ಕುಗಟ್ಟುತ್ತದೆ.
ಇಯರ್‌ಫೋನ್ ಸಿಕ್ಕಿಸಿಕೊಂಡರೆ
ಅವರು ನೀರು ಕೇಳಿದ್ದು ಕೇಳಿಸುವುದಿಲ್ಲ.
ನಾನು ಆ ಮನೆಗೆ ಹೋಗಿದ್ದೇನೆ, ಚಾ ಕುಡಿದಿದ್ದೇನೆ,
ಆ ಮಂಚದ ಮೇಲೆಯೇ ಕೂತಿದ್ದೇನೆ.

"ಹೇಗಿತ್ತು?" ಅಂದಳು.
"ಮೇಕೆ ಚೆನ್ನಾಗಿ ಮಾಡಿದೆ," ಅಂದೆ.
"ಅಲ್ವಾ! ಅದರ ಕಿವಿ ನೋಡಿದೆಯಾ?"
ಸುಲಭಾ ಬಟಾಣಿಯ ಸಿಪ್ಪೆಯಿಂದ ಹಣೆ ಚಚ್ಚಿಕೊಂಡಳು:
"ಇನ್ನು ಮೇಕೆಗಳ ಸರದಿ."

ಆ ರಾತ್ರಿ ದನಿ ಅಡಗಿಸಿ ಮತ್ತೆ ಹಾಕಿದೆ.
ಹೆಂಗಸು ಬಾಯಿ ತೆರೆದಳು.
ಆಕಳಿಸಿದಂತಿತ್ತು, ಯಾರನ್ನೋ
ಊಟಕ್ಕೆ ಕರೆದಂತೆಯೂ ಇತ್ತು.
ನಿಜ ಹೇಳಬೇಕೆಂದರೆ ಅರ್ಧಕ್ಕೇ ನಿದ್ದೆ ಹೋದೆ.
ಎಚ್ಚರವಾದಾಗ ಬಂಡೆಯ ಮೇಲೆ ಮೇಕೆ ಒಂದೇ ನಿಂತಿತ್ತು,
ಒಂದು ಕಿವಿ ಸಮುದ್ರದ ಕಡೆ,
ಇನ್ನೊಂದು ಒಳಕೋಣೆಯಲ್ಲಿ
ಯಾರೋ ಮಗ್ಗುಲು ಬದಲಿಸಿದ ಕಡೆ.